ಮೊಸರಿನ ಪಾರ್ಫೆ ಮನೆಯಲ್ಲೇ: ನೀರು ಬಿಡದಂತೆ, ಗರಿಗರಿ ಹೋಗದಂತೆ ಮಾಡುವ ಬಗೆ

"ಪಾರ್ಫೆ ಮಾಡಿಟ್ಟೆ, ಅರ್ಧ ಗಂಟೆಗೆ ಗ್ಲಾಸಿನ ತಳದಲ್ಲಿ ನೀರು ನಿಂತಿತ್ತು." "ಓಟ್ಸ್ ಎಲ್ಲಾ ಗಂಜಿಯ ಹಾಗಾಯಿತು." "ಸಕ್ಕರೆ ಹಾಕದಿದ್ದರೆ ಮಕ್ಕಳು ಮುಟ್ಟುವುದಿಲ್ಲ, ಹಾಕಿದರೆ ಆರೋಗ್ಯಕ್ಕೆ ಅಂತ ಮಾಡಿದ್ದಕ್ಕೆ ಅರ್ಥ ಏನು?" ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಮೊದಲ ಎರಡು ಪ್ರಶ್ನೆಗಳ ಮೂಲ ಒಂದೇ, ಅದು ನೀರು. ಮೊಸರಿನ ನೀರು, ಹಣ್ಣಿನ ನೀರು, ಸರಿಯಾಗಿ ಆರದ ಕಾಳಿನ ಹಬೆ. ಈ ನೀರನ್ನು ಎಲ್ಲಿ ತೆಗೆಯಬೇಕು, ಎಲ್ಲಿ ತಡೆಯಬೇಕು ಅಂತ ಗೊತ್ತಾದರೆ ಪಾರ್ಫೆ ಕೆಡುವುದಿಲ್ಲ. ಹಾಗಾಗಿ ಇಲ್ಲಿ ಅಲಂಕಾರದ ಮಾತು ಕಡಿಮೆ, ನೀರಿನ ಮಾತು ಜಾಸ್ತಿ.

ಪಾರ್ಫೆ ಫ್ರೆಂಚ್ ಪದ. ಅರ್ಥ 'ಪರಿಪೂರ್ಣ'. ಫ್ರಾನ್ಸಿನಲ್ಲಿ ಇದು ಕ್ರೀಮು, ಮೊಟ್ಟೆ, ಸಕ್ಕರೆ ಪಾಕ ಸೇರಿಸಿ ಹೆಪ್ಪುಗಟ್ಟಿಸುವ ತಣ್ಣನೆಯ ಸಿಹಿತಿಂಡಿ. ಅಮೆರಿಕದಲ್ಲಿ ಉದ್ದ ಗಾಜಿನ ಗ್ಲಾಸಿನಲ್ಲಿ ಐಸ್‌ಕ್ರೀಮು, ಹಣ್ಣು ಪದರ ಪದರವಾಗಿ ತುಂಬುವುದಕ್ಕೆ ಈ ಹೆಸರು ಬಂತು. ಐಸ್‌ಕ್ರೀಮಿನ ಜಾಗಕ್ಕೆ ಮೊಸರು, ಅದರ ಜೊತೆಗೆ ಹುರಿದ ಧಾನ್ಯ ಬಂದು ಬೆಳಗಿನ ತಿಂಡಿಯಾಯಿತು. ನಾವು ಮಾಡುವುದು ಈ ಕೊನೆಯದನ್ನು. ಹೆಸರು ಹೊಸದು, ಆದರೆ ಮೊಸರನ್ನಕ್ಕೆ ದಾಳಿಂಬೆ, ದ್ರಾಕ್ಷಿ ಉದುರಿಸಿ ತಿಂದವರಿಗೆ ರುಚಿ ಹೊಸದಲ್ಲ.

ಏನೇನು ಬೇಕು

ಇಬ್ಬರಿಗೆ, ಅಂದರೆ 250ರಿಂದ 300 ಮಿಲಿಲೀಟರ್ ಹಿಡಿಯುವ ಎರಡು ಗ್ಲಾಸಿಗೆ ಲೆಕ್ಕ ಕೊಡುತ್ತಿದ್ದೇನೆ.

ಗಟ್ಟಿ ಮೊಸರು ಅರ್ಧ ಕಿಲೋ. ಹೆಚ್ಚಿದ ಹಣ್ಣು ಒಂದೂವರೆ ಬಟ್ಟಲು. ಹುರಿದ ಗರಿಗರಿ ಮಿಶ್ರಣ 50ರಿಂದ 60 ಗ್ರಾಂ. ಸಿಹಿಗೆ ಎರಡು ಟೀ ಚಮಚ ಜೋನಿ ಬೆಲ್ಲ ಅಥವಾ ಜೇನು. ಒಂದು ಚಿಟಿಕೆ ಏಲಕ್ಕಿ ಪುಡಿ. ಗ್ಲಾಸಿನ ತಳಕ್ಕೆ ಸ್ವಲ್ಪ ರಾಗಿ ಹುರಿಹಿಟ್ಟು. ಇಷ್ಟೇ.

ಪಾತ್ರೆಗಳ ವಿಷಯಕ್ಕೆ ಬಂದರೆ ತೆಳುವಾದ ಹತ್ತಿ ಬಟ್ಟೆ, ತೂತಿನ ಜರಡಿ ಅಥವಾ ದೊಡ್ಡ ಸೋಸುಕ, ಅದರಡಿಗೆ ಕೂರುವ ಪಾತ್ರೆ, ದಪ್ಪ ತಳದ ಬಾಣಲೆ ಸಾಕು. ಗ್ಲಾಸಿನ ಬಾಯಿ ಅಗಲ ಇರಲಿ. ಕಿರಿದಾದ ಬಾಯಿಯ ಗ್ಲಾಸಿನಲ್ಲಿ ಚಮಚ ತಳ ಮುಟ್ಟುವುದಿಲ್ಲ, ಮೇಲಿನ ಪದರ ಮಾತ್ರ ತಿಂದು ಏಳಬೇಕಾಗುತ್ತದೆ.

ಹಂತ 1: ಸರಿಯಾದ ಮೊಸರು

ಅಂಗಡಿಯ ಮೊಸರು ತರುವುದಾದರೆ ಸಾದಾ ಮೊಸರನ್ನೇ ತನ್ನಿ. ಸ್ಟ್ರಾಬೆರಿ, ಮಾವು ಅಂತ ಬರೆದ ಸಿಹಿ ಯೋಗರ್ಟ್ ಬೇಡ. ಪ್ಯಾಕೆಟ್ಟಿನ ಹಿಂಬದಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದರ ಹೆಸರು ಮೊದಲು ಇರುತ್ತದೆ. ಸಕ್ಕರೆ ಎರಡನೇ ಜಾಗದಲ್ಲಿದ್ದರೆ ಅದು ಮೊಸರಿಗಿಂತ ಸಿಹಿತಿಂಡಿಗೇ ಹತ್ತಿರ. ಪೋಷಕಾಂಶದ ಪಟ್ಟಿಯಲ್ಲಿ 'ಒಟ್ಟು ಸಕ್ಕರೆ', 'ಸೇರಿಸಿದ ಸಕ್ಕರೆ' ಅಂತ ಎರಡು ಸಾಲು ಇರುತ್ತವೆ. ಒಟ್ಟು ಸಕ್ಕರೆಯಲ್ಲಿ ಹಾಲಿನಲ್ಲೇ ಇರುವ ಸಕ್ಕರೆಯೂ ಸೇರುತ್ತದೆ, ಅದಕ್ಕೆ ಹೆದರಬೇಡಿ. ನೀವು ನೋಡಬೇಕಾದ್ದು ಎರಡನೆಯದನ್ನು.

ಗ್ರೀಕ್ ಯೋಗರ್ಟ್ ತಂದರೆ ಮುಂದಿನ ಹಂತ ಬಿಟ್ಟುಬಿಡಬಹುದು. ಅದು ನೀರು ಸೋಸಿದ ಮೊಸರು, ಅಷ್ಟೇ. ಅದೇ ಕೆಲಸವನ್ನು ಮನೆಯಲ್ಲಿ ಒಂದು ಬಟ್ಟೆ ಮಾಡಿಕೊಡುತ್ತದೆ, ಕಡಿಮೆ ಖರ್ಚಿನಲ್ಲಿ.

ಮನೆಯಲ್ಲೇ ಹೆಪ್ಪು ಹಾಕುವುದಾದರೆ ಹಾಲು ಯಾವುದು ಅನ್ನುವುದು ಮುಖ್ಯ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಕೆನೆಭರಿತ ಹಾಲಿನಲ್ಲಿ ಶೇ. 6. ದಿನಾ ತಿನ್ನುವವರಿಗೆ ಟೋನ್ಡ್ ಹಾಲೇ ಸಾಕು. ನೀರು ಸೋಸಿದ ಮೇಲೆ ಅದೂ ಬೆಣ್ಣೆಯ ಹಾಗೆ ನುಣುಪಾಗುತ್ತದೆ. ಹಾಲು ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ ಇನ್ನೂ ಐದರಿಂದ ಹತ್ತು ನಿಮಿಷ ಕಾಯಿಸಿ. ಇದು ಸುಮ್ನೆ ಹೇಳುವ ಮಾತಲ್ಲ. ಹೆಚ್ಚು ಹೊತ್ತು ಕಾದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನ್ ಬಿಚ್ಚಿಕೊಂಡು ಉಳಿದ ಪ್ರೋಟೀನಿಗೆ ಅಂಟುತ್ತದೆ. ಆಗ ಮೊಸರು ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ. ಒಂದು ಕುದಿ ಬಂದ ಕೂಡಲೇ ಇಳಿಸಿದ ಹಾಲಿನ ಮೊಸರು ಬೇಗ ಒಡೆದು ನೀರು ಬಿಡುತ್ತದೆ.

ಹಾಲು ಉಗುರು ಬೆಚ್ಚಗಾದ ಮೇಲೆ, ಅಂದರೆ ಶುಚಿಯಾದ ಬೆರಳನ್ನು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ಇಡಬಹುದು ಅನ್ನುವಷ್ಟು ಆರಿದ ಮೇಲೆ ಹೆಪ್ಪು ಹಾಕಿ. ಅರ್ಧ ಲೀಟರಿಗೆ ಒಂದು ಟೀ ಚಮಚ ಸಾಕು. ಹೆಪ್ಪು ಜಾಸ್ತಿಯಾದರೆ ಬೇಗ ಆಗುತ್ತದೆ ಅಂತ ಎರಡು ಮೂರು ಚಮಚ ಹಾಕುವವರಿದ್ದಾರೆ. ಆಗುತ್ತದೆ, ಆದರೆ ಹುಳಿಯಾಗಿ, ಕಣ ಕಣವಾಗಿ. ಹೆಪ್ಪು ಹಾಕಿದ ಪಾತ್ರೆಯನ್ನು ಪದೇಪದೇ ಅಲುಗಾಡಿಸಿ ನೋಡಬೇಡಿ. ಬೇಸಿಗೆಯಲ್ಲಿ, ಕರಾವಳಿಯಲ್ಲಿ ಐದಾರು ಗಂಟೆ ಸಾಕು. ಬೆಂಗಳೂರಿನ ಡಿಸೆಂಬರ್ ಚಳಿಗೆ ಹತ್ತು ಹನ್ನೆರಡು ಗಂಟೆಯೂ ಬೇಕಾಗಬಹುದು. ಆಗ ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಮುಚ್ಚಿದ ಓವನ್ನಿನ ಒಳಗೆ ಓವನ್ ಹಚ್ಚದೆ ಇಡಿ.

ಹೆಪ್ಪಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಎರಡು ಗಂಟೆ ತಣ್ಣಗಾಗಲಿ. ಹೊರಗೆ ಇದ್ದಷ್ಟೂ ಹುಳಿ ಏರುತ್ತದೆ. ಹುಳಿ ಏರಿದಷ್ಟೂ ಸಿಹಿ ಜಾಸ್ತಿ ಬೇಕಾಗುತ್ತದೆ. ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಹುಳಿ ಇಲ್ಲದ ಮೊಸರಿಗೆ ಸಕ್ಕರೆ ಬೇಕೇ ಆಗುವುದಿಲ್ಲ.

ಹಂತ 2: ಮೊಸರು ಕಟ್ಟುವುದು

ಇದನ್ನು ಬಿಟ್ಟರೆ ಪಾರ್ಫೆಯೇ ಇಲ್ಲ. ಉತ್ತರ ಕರ್ನಾಟಕದ ಕಡೆ ಶ್ರೀಖಂಡ ಮಾಡುವವರು ಇದಕ್ಕೆ ಚಕ್ಕಾ ಅನ್ನುತ್ತಾರೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೆ ಉಳಿಯುವ ಗಟ್ಟಿ ಭಾಗ ಅದು.

ಬಟ್ಟೆ ಹಳೆಯ ಪಂಚೆಯದ್ದಾದರೆ ತುಂಬಾ ಒಳ್ಳೆಯದು. ಸಾಬೂನಿನ ವಾಸನೆ ಸ್ವಲ್ಪವೂ ಇರಬಾರದು, ಮೊಸರು ಅದನ್ನು ಎಳೆದುಕೊಳ್ಳುತ್ತದೆ. ಬರೀ ನೀರಿನಲ್ಲಿ ಕುದಿಸಿ, ಹಿಂಡಿ, ಒದ್ದೆ ಇರುವಾಗಲೇ ಬಳಸಿ. ಒದ್ದೆ ಬಟ್ಟೆಗೆ ಮೊಸರು ಅಂಟುವುದು ಕಡಿಮೆ.

ಪಾತ್ರೆಯ ಮೇಲೆ ಜರಡಿ ಇಡಿ. ಅದರ ಮೇಲೆ ಬಟ್ಟೆ ಹಾಸಿ ಮೊಸರು ಸುರಿಯಿರಿ. ನಾಲ್ಕು ಮೂಲೆ ಸೇರಿಸಿ ಸಡಿಲವಾಗಿ ಗಂಟು ಹಾಕಿ. ಮೇಲೊಂದು ತಟ್ಟೆ ಮುಚ್ಚಿ ಇಡೀ ಸೆಟ್ಟನ್ನು ಫ್ರಿಜ್ಜಿನಲ್ಲಿಡಿ. ನಲ್ಲಿಗೆ ನೇತು ಹಾಕುವ ಹಳೆಯ ಪದ್ಧತಿ ಚಳಿಗಾಲಕ್ಕೆ ಸರಿ. ಬೇಸಿಗೆಯಲ್ಲಿ ನಾಲ್ಕು ಗಂಟೆ ಹೊರಗೆ ನೇತಾಡಿದ ಮೊಸರು ಹುಳಿ ಬಂದಿರುತ್ತದೆ.

ಎಷ್ಟು ಹೊತ್ತು? ಎರಡು ಗಂಟೆಗೆ ದೋಸೆ ಹಿಟ್ಟಿನ ಹದ. ಮೂರರಿಂದ ನಾಲ್ಕು ಗಂಟೆಗೆ ಚಮಚದಲ್ಲಿ ತೆಗೆದರೆ ಗುಡ್ಡೆಯಾಗಿ ನಿಲ್ಲುವ ಹದ. ನಮಗೆ ಬೇಕಾದ್ದು ಇದೇ. ರಾತ್ರಿಯಿಡೀ ಬಿಟ್ಟರೆ ಚೀಸಿನ ಹಾಗೆ ಗಟ್ಟಿಯಾಗುತ್ತದೆ. ಹಾಗಾದರೆ ಗಾಬರಿ ಬೇಡ, ಇಳಿದ ನೀರನ್ನೇ ಒಂದೆರಡು ಚಮಚ ಸೇರಿಸಿ ಕದಡಿದರೆ ಸರಿಹೋಗುತ್ತದೆ. ಅರ್ಧ ಕಿಲೋ ಮೊಸರಿಗೆ ಸುಮಾರು 220ರಿಂದ 250 ಗ್ರಾಂ ಕಟ್ಟಿದ ಮೊಸರು ಸಿಗುತ್ತದೆ.

ಇಲ್ಲಿ ಆಗುವ ಮೂರು ತಪ್ಪು. ಬೇಗ ಆಗಲಿ ಅಂತ ಕೈಯಲ್ಲಿ ಹಿಂಡುವುದು ಮೊದಲನೆಯದು. ಹಿಂಡಿದರೆ ಮೊಸರೇ ಬಟ್ಟೆಯಿಂದ ಆಚೆ ಬರುತ್ತದೆ. ಅವಸರವಿದ್ದರೆ ಗಂಟಿನ ಮೇಲೆ ಒಂದು ಸಣ್ಣ ಬಟ್ಟಲು ನೀರು ತುಂಬಿಸಿ ಇಡಿ, ಆ ಭಾರ ಸಾಕು. ಎರಡನೆಯದು, ಕೆಳಗಿನ ಪಾತ್ರೆ ಚಿಕ್ಕದಾಗಿರುವುದು. ನೀರು ಮೇಲೆದ್ದು ಜರಡಿಯ ತಳ ಮುಟ್ಟಿದರೆ ಸೋಸುವುದು ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು, ಮುಚ್ಚದೆ ಇಡುವುದು. ಫ್ರಿಜ್ಜಿನಲ್ಲಿರುವ ಈರುಳ್ಳಿಯ ವಾಸನೆ ಬೆಳಗ್ಗೆ ನಿಮ್ಮ ಪಾರ್ಫೆಯಲ್ಲಿರುತ್ತದೆ.

ಇಳಿದ ನೀರನ್ನು ದಯವಿಟ್ಟು ಚೆಲ್ಲಬೇಡಿ. ಅದರ ತಿಳಿ ಹಸಿರು ಹಳದಿ ಬಣ್ಣ ಬರುವುದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನಿಂದ. ಸ್ವಲ್ಪ ಪ್ರೋಟೀನು, ಕ್ಯಾಲ್ಸಿಯಮ್ಮು ಕೂಡ ಅದರಲ್ಲಿದೆ. ಚಪಾತಿ ಹಿಟ್ಟು ಕಲಸಲು ಹಾಕಿದರೆ ಚಪಾತಿ ಮೆತ್ತಗೆ ಬರುತ್ತದೆ. ಇಲ್ಲವೇ ಉಪ್ಪು, ಶುಂಠಿ, ಕರಿಬೇವು ಹಾಕಿ ನೀರು ಮಜ್ಜಿಗೆಯ ಹಾಗೆ ಕುಡಿಯಿರಿ.

ಹಂತ 3: ಹದ ಮಾಡುವುದು, ಸಿಹಿ ಸೇರಿಸುವುದು

ಕಟ್ಟಿದ ಮೊಸರನ್ನು ಬಟ್ಟಲಿಗೆ ಹಾಕಿ ಚಮಚದ ಹಿಂಬದಿಯಿಂದ ಒತ್ತಿ ಒತ್ತಿ ನುಣುಪು ಮಾಡಿ. ಗಂಟು ಉಳಿದರೆ ಸೋಸುಕದ ಮೂಲಕ ಒಮ್ಮೆ ಉಜ್ಜಿ ತೆಗೆಯಿರಿ. ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯ ಬ್ಲೇಡು ಮೊಸರಿನ ಕಟ್ಟನ್ನೇ ಮುರಿಯುತ್ತದೆ. ನಾಲ್ಕು ಗಂಟೆ ಕಾದು ತೆಗೆದ ಗಟ್ಟಿತನ ಅರ್ಧ ನಿಮಿಷದಲ್ಲಿ ಹೋಗುತ್ತದೆ.

ಇನ್ನು ಸಿಹಿ. ಶ್ರೀಖಂಡ ಮಾಡಿದವರು ಗಮನಿಸಿರುತ್ತೀರಿ, ಸಕ್ಕರೆ ಬಿದ್ದ ಕೂಡಲೇ ಚಕ್ಕಾ ಸಡಿಲವಾಗುತ್ತದೆ. ಮೊಸರಿನಲ್ಲಿ ಉಳಿದ ನೀರಿನಲ್ಲಿ ಸಕ್ಕರೆ ಕರಗಿ ಪಾಕವಾಗುವುದೇ ಇದಕ್ಕೆ ಕಾರಣ. ಅದಕ್ಕೇ ಇಲ್ಲಿ ಸಿಹಿ ಕಡಿಮೆ ಇರಲಿ. ಒಂದು ಗ್ಲಾಸಿಗೆ ಒಂದು ಟೀ ಚಮಚ ಜೋನಿ ಬೆಲ್ಲ ಅಥವಾ ಜೇನು, ಒಂದು ಚಿಟಿಕೆ ಏಲಕ್ಕಿ. ಉಳಿದ ಸಿಹಿ ಹಣ್ಣಿನಿಂದ ಬರಲಿ. ಎರಡು ಮೆತ್ತನೆಯ ಖರ್ಜೂರವನ್ನು ಬಿಸಿ ನೀರಿನಲ್ಲಿ ನೆನೆಸಿ, ನೀರು ಬಸಿದು, ಅರೆದು ಸೇರಿಸಿದರೂ ಚೆನ್ನ. ಖರ್ಜೂರದ ನಾರು ನೀರನ್ನು ಹಿಡಿಯುತ್ತದೆ, ಹಾಗಾಗಿ ಮೊಸರು ಸಡಿಲವಾಗುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ. ರುಚಿ ಬೇರೆ, ಕಬ್ಬಿಣದಂಥ ಖನಿಜ ಒಂಚೂರು ಜಾಸ್ತಿ, ಆದರೆ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಸೇರಿಸಿದ ಸಕ್ಕರೆ, ಜೇನು, ಜ್ಯೂಸಿನ ಸಕ್ಕರೆ ಎಲ್ಲಾ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಶೇ. 5 ಅಂದರೆ 25 ಗ್ರಾಂ, ಸುಮಾರು ಆರು ಟೀ ಚಮಚ ಸಕ್ಕರೆ. ಕಾಫಿ, ಟೀಗೆ ಹಾಕುವುದೂ ಇದರಲ್ಲೇ ಸೇರಿತು ಅಲ್ವಾ? ಸಕ್ಕರೆ ಕಾಯಿಲೆ ಇರುವವರು ಬೆಲ್ಲ, ಜೇನು ಬಿಟ್ಟು, ಸೀಬೆ ಅಥವಾ ಸೇಬಿನ ಜೊತೆ ಮಾಡಿಕೊಳ್ಳಿ. ಏಲಕ್ಕಿ, ದಾಲ್ಚಿನ್ನಿ ಪುಡಿ ಬಿದ್ದರೆ ಸಿಹಿ ಇಲ್ಲದಿದ್ದರೂ ಬಾಯಿಗೆ ಒಗ್ಗುತ್ತದೆ.

ಹಂತ 4: ಗರಿಗರಿ ಮಿಶ್ರಣ

ಅಂಗಡಿಯಲ್ಲಿ ಇದಕ್ಕೆ ಗ್ರಾನೋಲಾ ಅನ್ನುತ್ತಾರೆ. ಓಟ್ಸ್, ಬೀಜಗಳನ್ನು ಸಿಹಿ ಮತ್ತು ಎಣ್ಣೆಯ ಜೊತೆ ಹುರಿದದ್ದು. ಓಟ್ಸೇ ಆಗಬೇಕು ಅಂತೇನಿಲ್ಲ. ನನಗೆ ಗಟ್ಟಿ ಅವಲಕ್ಕಿಯದ್ದೇ ಜಾಸ್ತಿ ಇಷ್ಟ. ಹುರಿದರೆ ಅದರ ಗರಿಗರಿ ಓಟ್ಸಿಗಿಂತ ಹಗುರ. ಪೇಪರ್ ಅವಲಕ್ಕಿ ಮಾತ್ರ ಬೇಡ, ಮೊಸರು ಮುಟ್ಟಿದ ಕ್ಷಣ ಮೆತ್ತಗಾಗುತ್ತದೆ. ಓಟ್ಸ್ ಹಾಕುವುದಾದರೆ ದಪ್ಪ ಪದರದ ರೋಲ್ಡ್ ಓಟ್ಸ್ ತನ್ನಿ. ಎರಡು ನಿಮಿಷದಲ್ಲಿ ಬೇಯುವ ಇನ್‌ಸ್ಟಂಟ್ ಓಟ್ಸ್ ಹುರಿಯುವಾಗಲೇ ಪುಡಿಯಾಗುತ್ತದೆ.

ಎಂಟು ಒಂಬತ್ತು ಗ್ಲಾಸಿಗೆ ಆಗುವ ಅಳತೆ: ಗಟ್ಟಿ ಅವಲಕ್ಕಿ ಅಥವಾ ಓಟ್ಸ್ ಒಂದು ದೊಡ್ಡ ಬಟ್ಟಲು, ಅಂದಾಜು 90 ಗ್ರಾಂ. ಕಡಲೆಕಾಯಿ ಬೀಜ 75 ಗ್ರಾಂ. ಎಳ್ಳು, ಕುಂಬಳ ಬೀಜ, ಒಣಕೊಬ್ಬರಿ ತುರಿ ತಲಾ ಎರಡು ದೊಡ್ಡ ಚಮಚ. ಪುಡಿ ಬೆಲ್ಲ 40 ಗ್ರಾಂ. ತುಪ್ಪ ಒಂದು ಟೀ ಚಮಚ. ಉಪ್ಪು ಒಂದು ಚಿಟಿಕೆ. ಉಪ್ಪನ್ನು ಬಿಡಬೇಡಿ, ಕಡಿಮೆ ಬೆಲ್ಲದಲ್ಲೂ ಸಿಹಿ ಎದ್ದು ಕಾಣುವುದು ಅದರಿಂದಲೇ.

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಒಂದೊಂದಕ್ಕೂ ಹೊತ್ತು ಬೇರೆ. ಮೊದಲು ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ತಿಕ್ಕಿ ತೆಗೆದು, ದಪ್ಪದಪ್ಪಗೆ ಕುಟ್ಟಿ. ಆಮೇಲೆ ಅವಲಕ್ಕಿಯನ್ನು ತುಪ್ಪದ ಜೊತೆ ಹುರಿಯಿರಿ. ಒಂದು ಕಾಳನ್ನು ಬೆರಳಲ್ಲಿ ಒತ್ತಿದರೆ ಟಕ್ ಅಂತ ಮುರಿಯಬೇಕು, ಬಾಗಬಾರದು. ಹತ್ತು ನಿಮಿಷವಾದರೂ ಬೇಕು. ಕುಂಬಳ ಬೀಜ ಉಬ್ಬಿ ಸಿಡಿಯುವವರೆಗೆ. ಎಳ್ಳು ಚಟಪಟ ಅನ್ನುವವರೆಗೆ, ಕೈಯಲ್ಲಿ ಮುಚ್ಚಳ ಇರಲಿ. ಕೊಬ್ಬರಿ ಕೊನೆಗೆ, ಉರಿ ಆರಿಸಿ ಬಾಣಲೆಯ ಕಾವಿನಲ್ಲೇ.

ಈಗ ಪಾಕ. ಬೆಲ್ಲಕ್ಕೆ ಎರಡು ದೊಡ್ಡ ಚಮಚ ನೀರು ಹಾಕಿ ಕರಗಿಸಿ. ಮರಳು ಇದ್ದೇ ಇರುತ್ತದೆ, ಸೋಸಿ. ಮತ್ತೆ ಸಣ್ಣ ಉರಿಯಲ್ಲಿಟ್ಟು ಉಂಡೆ ಪಾಕ ಬರುವವರೆಗೆ ಕುದಿಸಿ. ಉಂಡೆ ಪಾಕ ಅಂದರೆ ತಣ್ಣೀರಿಗೆ ಒಂದು ಹನಿ ಬಿಟ್ಟರೆ ಅದು ಕರಗದೆ, ಬೆರಳಲ್ಲಿ ಉಂಡೆ ಕಟ್ಟಲು ಬರುವ ಹದ. ಪುರಿ ಉಂಡೆ ಮಾಡುವವರಿಗೆ ಗೊತ್ತಿರುತ್ತದೆ. ಒಂದೆಳೆ ಪಾಕಕ್ಕೇ ನಿಲ್ಲಿಸಿದರೆ ಅದರಲ್ಲಿ ನೀರು ಉಳಿದಿರುತ್ತದೆ. ಆ ನೀರು ಡಬ್ಬಿಯೊಳಗೆ ನಿಮ್ಮ ಗರಿಗರಿಯನ್ನೆಲ್ಲಾ ತಿಂದುಬಿಡುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಪಾಕ ಬಂದ ಕೂಡಲೇ ಉಪ್ಪು, ಹುರಿದದ್ದೆಲ್ಲಾ ಹಾಕಿ ಬೇಗ ಬೇಗ ಕಲಸಿ, ಸಣ್ಣ ಉರಿಯಲ್ಲಿ ಇನ್ನೂ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಅಂಟು ಬಿಟ್ಟು ಉದುರುದುರಾಗುತ್ತದೆ.

ಅಗಲ ತಟ್ಟೆಗೆ ಹರಡಿ, ಪೂರ್ತಿ ಆರಲು ಬಿಡಿ. ಕೈಗೆ ಸ್ವಲ್ಪವೂ ಬಿಸಿ ತಾಗಬಾರದು. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗಿನ ಹಬೆ ನೀರಾಗಿ ಇಡೀ ಮಿಶ್ರಣ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ನನ್ನ ಮೊದಲ ಡಬ್ಬಿ ಕೆಟ್ಟದ್ದು ಹೀಗೆಯೇ. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇರುತ್ತದೆ. ಮಳೆಗಾಲದಲ್ಲಿ ಅರ್ಧ ಅಳತೆ ಮಾತ್ರ ಮಾಡಿ. ಮೆತ್ತಗಾದರೆ ಎಸೆಯಬೇಡಿ, ಬಾಣಲೆಯಲ್ಲಿ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ ಆರಿಸಿದರೆ ಮತ್ತೆ ಗರಿಗರಿ. ಒಣದ್ರಾಕ್ಷಿ, ಖರ್ಜೂರದ ತುಂಡುಗಳನ್ನು ಈ ಡಬ್ಬಿಯಲ್ಲಿ ಸೇರಿಸಿಡಬೇಡಿ. ಅವುಗಳ ತೇವ ಅವಲಕ್ಕಿಗೆ ಹೋಗುತ್ತದೆ. ತಿನ್ನುವಾಗ ಮೇಲಿನಿಂದ ಹಾಕಿಕೊಳ್ಳಿ.

ಈ ಅಳತೆಯಲ್ಲಿ 30 ಗ್ರಾಂ ಮಿಶ್ರಣಕ್ಕೆ ಸುಮಾರು 5 ಗ್ರಾಂ ಬೆಲ್ಲ ಬರುತ್ತದೆ. ಮೊಸರಿಗೆ ಹಾಕಿದ ಒಂದು ಚಮಚ ಸೇರಿದರೂ ಒಂದು ಗ್ಲಾಸಿಗೆ ಹತ್ತು ಹನ್ನೆರಡು ಗ್ರಾಂ ದಾಟುವುದಿಲ್ಲ.

ಹಂತ 5: ಹಣ್ಣು

ಮೊದಲು ತೊಳೆಯಿರಿ, ಆಮೇಲೆ ಒರೆಸಿ, ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ರುಚಿಯೂ ಹೋಗುತ್ತದೆ, ನೀರೂ ಸೇರುತ್ತದೆ. ಹಣ್ಣಿಗೆ ಸಕ್ಕರೆ ಉದುರಿಸಿಡಬೇಡಿ, ರಸ ಬಿಟ್ಟುಕೊಳ್ಳುತ್ತದೆ.

ಪದರಕ್ಕೆ ಎಲ್ಲಕ್ಕಿಂತ ಒಳ್ಳೆಯದು ದಾಳಿಂಬೆ. ಬಿಡಿಸಿದ ಕಾಳು ಒಣಗಿಯೇ ಇರುತ್ತದೆ, ಕಚ್ಚುವವರೆಗೆ ರಸ ಬಿಡುವುದಿಲ್ಲ. ಮಾವಿನ ಕಾಲದಲ್ಲಿ ಬಾದಾಮಿ ಮಾವಿನ ಹಣ್ಣನ್ನು ತುಂಡು ಮಾಡಿ ಹಾಕಿ. ರಸಪುರಿ ಸೀಕರಣೆಗೆ ಬಹಳ ಚೆನ್ನ, ಪದರಕ್ಕೆ ಅಷ್ಟು ಒಗ್ಗುವುದಿಲ್ಲ, ರಸ ಹರಿಯುತ್ತದೆ. ಸೀಬೆ, ಸಪೋಟ, ಅಂಜೂರ, ಬೀಜವಿಲ್ಲದ ದ್ರಾಕ್ಷಿ ಎಲ್ಲಾ ಆಗುತ್ತವೆ. ಏಲಕ್ಕಿ ಬಾಳೆಹಣ್ಣನ್ನು ಜೋಡಿಸುವ ಹೊತ್ತಿಗೇ ಹೆಚ್ಚಿ. ಗಾಳಿ ತಾಗದಂತೆ ಮೊಸರು ಮುಚ್ಚಿದರೆ ಬೇಗ ಕಪ್ಪಾಗುವುದಿಲ್ಲ. ಕಲ್ಲಂಗಡಿ ಬೇಡವೇ ಬೇಡ.

ಅನಾನಸ್, ಕಿವಿ, ಪರಂಗಿ ಈ ಮೂರರ ವಿಷಯದಲ್ಲಿ ಎಚ್ಚರ. ಇವುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿವೆ. ಕಿಣ್ವ ಅಂದರೆ ದೊಡ್ಡ ಕಣವನ್ನು ಸಣ್ಣದಾಗಿ ಕತ್ತರಿಸುವ ಕೆಲಸಗಾರ ಅಂದುಕೊಳ್ಳಿ. ಹಸಿ ಅನಾನಸ್ ಹಾಕಿದ ಮೊಸರು ಸ್ವಲ್ಪ ಹೊತ್ತಿನಲ್ಲೇ ಕಹಿಯಾಗುವುದು, ನೀರಾಗುವುದು ಇದರಿಂದಲೇ. ಮೊಸರು ಕೆಟ್ಟಿತ್ತು ಅಂತ ಅಂದುಕೊಂಡವರು ಎಷ್ಟೋ ಜನ. ಅನಾನಸ್ ತುಂಡುಗಳನ್ನು ನಾಲ್ಕೈದು ನಿಮಿಷ ಚೆನ್ನಾಗಿ ಬೇಯಿಸಿ ಆರಿಸಿ ಹಾಕಿದರೆ ಈ ತೊಂದರೆ ಇಲ್ಲ, ಬಿಸಿಗೆ ಕಿಣ್ವದ ಕೆಲಸ ನಿಲ್ಲುತ್ತದೆ. ಪೂರ್ತಿ ಮಾಗಿದ ಪರಂಗಿಯಲ್ಲಿ ಇದು ಕಡಿಮೆ, ಆದರೂ ಮಾಡಿದ ಕೂಡಲೇ ತಿನ್ನಿ.

ಮೊಸರಿನ ಜೊತೆ ಹಣ್ಣು ಸೇರಿಸಬಾರದು ಅಂತಾರಲ್ಲ ಅಂತ ಕೆಲವರು ಕೇಳುತ್ತಾರೆ. ಆಯುರ್ವೇದದಲ್ಲಿ ವಿರುದ್ಧಾಹಾರ ಅನ್ನುವ ವಿಚಾರವಿದೆ, ಅದನ್ನು ಪಾಲಿಸುವ ಮನೆಗಳಿವೆ. ನಿಮ್ಮ ಮನೆಯಲ್ಲಿ ಹಾಗಿದ್ದರೆ ಹಣ್ಣಿನ ಜಾಗಕ್ಕೆ ಖರ್ಜೂರ, ಹುರಿದ ಗೋಡಂಬಿ, ಕೊಬ್ಬರಿ ಹಾಕಿ. ಪಾರ್ಫೆಗೆ ಏನೂ ಕೊರತೆಯಾಗುವುದಿಲ್ಲ.

ಹಂತ 6: ಜೋಡಿಸುವುದು

ಗ್ಲಾಸನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಒಳಗೆ ತೇವ ಇದ್ದರೆ ಒರೆಸಿ.

ತಳಕ್ಕೆ ಏನು ಹಾಕಬೇಕು ಅನ್ನುವುದರಲ್ಲಿ ಒಂದು ಉಪಾಯ ಇದೆ. ಎಷ್ಟೇ ಕಟ್ಟಿದರೂ ಮೊಸರು ಒಂದೆರಡು ಹನಿ ನೀರು ಬಿಟ್ಟೇ ಬಿಡುತ್ತದೆ, ಅದು ಇಳಿಯುವುದು ತಳಕ್ಕೆ. ಹಾಗಾಗಿ ತಳದಲ್ಲಿ ನೀರು ಕುಡಿಯುವ ಪದಾರ್ಥ ಇರಲಿ. ನಾನು ಹಾಕುವುದು ರಾಗಿ ಹುರಿಹಿಟ್ಟು. ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟು ಇದು, ಬೇಯಿಸದೆ ತಿನ್ನಬಹುದು. ಒಂದು ದೊಡ್ಡ ಚಮಚ ಹುರಿಹಿಟ್ಟಿಗೆ ಒಂದು ಚಮಚ ಮೊಸರು, ಚೂರು ಏಲಕ್ಕಿ ಸೇರಿಸಿ ಪುಟ್ಟುಪುಟ್ಟಾಗಿ ಕಲಸಿ ತಳಕ್ಕೆ ಒತ್ತಿ. ಇಳಿದ ನೀರನ್ನೆಲ್ಲಾ ಅದು ಹೀರಿಕೊಂಡು ಮೆತ್ತನೆಯ ಕೇಕಿನ ಹಾಗಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಬೆಳೆಯುವ ಮಕ್ಕಳಿಗೂ ಒಳ್ಳೆಯದು. ಹುರಿಹಿಟ್ಟು ಸಿಗದ ಊರಿನಲ್ಲಿದ್ದರೆ, ಪರದೇಶದಲ್ಲಿದ್ದರೆ, ಒಂದು ಟೀ ಚಮಚ ಚಿಯಾ ಬೀಜವನ್ನು ಎರಡು ಚಮಚ ಮೊಸರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ತಳಕ್ಕೆ ಹಾಕಿ. ಕೆಲಸ ಅದೇ.

ಅದರ ಮೇಲೆ ಎರಡು ಮೂರು ಚಮಚ ಮೊಸರು. ಗ್ಲಾಸಿನ ಮಧ್ಯಕ್ಕೆ ಹಾಕಿ, ಚಮಚದ ಬೆನ್ನಿನಿಂದ ಅಂಚಿನ ಕಡೆಗೆ ತಳ್ಳಿ. ಅಂಚಿನಿಂದ ಸುರಿದರೆ ಗಾಜಿಗೆ ಮೆತ್ತಿ ಪದರ ಕಾಣುವುದಿಲ್ಲ. ಮೊಸರಿನ ಮೇಲೆ ಹಣ್ಣು. ಮತ್ತೆ ಮೊಸರು. ಕೊನೆಗೆ ಗರಿಗರಿ ಮಿಶ್ರಣ, ಅದರ ಮೇಲೆ ನಾಲ್ಕು ದಾಳಿಂಬೆ ಕಾಳು.

ಮಧ್ಯದಲ್ಲೂ ಗರಿಗರಿ ಬೇಕು ಅಂದರೆ ಹಾಕಬಹುದು, ಆದರೆ ಆಗಲೇ ತಿನ್ನುವುದಾದರೆ ಮಾತ್ರ. ಮೊಸರಿನ ಮಧ್ಯೆ ಸಿಕ್ಕ ಅವಲಕ್ಕಿ ಹದಿನೈದು ನಿಮಿಷ ತಡೆಯುತ್ತದೆ, ಅಷ್ಟೇ. ಸ್ವಲ್ಪ ಹೊತ್ತು ಇಡಬೇಕಾದರೆ ಮಧ್ಯಕ್ಕೆ ಬರೀ ಕುಟ್ಟಿದ ಕಡಲೆಕಾಯಿ ಬೀಜ, ಬಾದಾಮಿ ಹಾಕಿ. ಎಣ್ಣೆಯ ಅಂಶ ಇರುವುದರಿಂದ ಇವು ಬೇಗ ನೀರು ಎಳೆದುಕೊಳ್ಳುವುದಿಲ್ಲ.

ಒಂದು ಗ್ಲಾಸಿನಲ್ಲಿ ಅಂದಾಜು 300ರಿಂದ 400 ಕ್ಯಾಲೊರಿ, ಹತ್ತು ಹನ್ನೆರಡು ಗ್ರಾಂ ಪ್ರೋಟೀನ್ ಸಿಗುತ್ತದೆ. ಹಾಗಾಗಿ ಇದನ್ನು ತಿಂಡಿಯ ಜಾಗದಲ್ಲಿ ತಿನ್ನಿ. ಇಡ್ಲಿ, ದೋಸೆ ತಿಂದ ಮೇಲೆ ಇದನ್ನೂ ತಿಂದರೆ ಎರಡು ತಿಂಡಿಯಾಯಿತು.

ಮಾಡಿಡುವವರಿಗೆ, ಡಬ್ಬಿಗೆ ಕಟ್ಟುವವರಿಗೆ

ಕಟ್ಟಿದ ಮೊಸರು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಭಾನುವಾರ ಒಂದು ಲೀಟರ್ ಹಾಲಿನ ಮೊಸರು ಕಟ್ಟಿಟ್ಟರೆ ಬುಧವಾರದವರೆಗೆ ಚಿಂತೆ ಇಲ್ಲ. ಹುರಿಹಿಟ್ಟು, ಮೊಸರು, ದಾಳಿಂಬೆ ಇಷ್ಟನ್ನು ರಾತ್ರಿಯೇ ಗ್ಲಾಸಿಗೆ ಹಾಕಿಡಬಹುದು. ಬಾಳೆ, ಸೇಬು ಬೆಳಗ್ಗೆ. ಗರಿಗರಿ ಮಿಶ್ರಣ ಚಮಚ ಹಿಡಿಯುವಾಗ.

ಆಫೀಸಿಗೆ, ಶಾಲೆಗೆ ಕಳಿಸುವುದಾದರೆ ಗರಿಗರಿ ಮಿಶ್ರಣವನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಹಾಕಿ. ಮೊಸರಿನ ಡಬ್ಬಿ ಹೊರಗಿರುವುದು ಎರಡು ಗಂಟೆ ಮೀರದಿರಲಿ, ಸುಡು ಬೇಸಿಗೆಯಲ್ಲಿ ಒಂದೇ ಗಂಟೆ. ಹೆಚ್ಚಿದ ಹಣ್ಣು ಇರುವುದರಿಂದ ಬರೀ ಮೊಸರಿಗಿಂತ ಇದು ಬೇಗ ಕೆಡುತ್ತದೆ. ಮಧ್ಯಾಹ್ನದ ಊಟಕ್ಕೆ ಅಂತಾದರೆ ಐಸ್ ಪ್ಯಾಕ್ ಇರುವ ಚೀಲ ಬೇಕೇ ಬೇಕು. ಇಲ್ಲದಿದ್ದರೆ ಹತ್ತು ಗಂಟೆಯ ಬಿಡುವಿಗೆ ತಿನ್ನಲು ಹೇಳಿ.

ಯಾರಿಗೆ ಕೊಡುವಾಗ ಏನು ನೋಡಬೇಕು

ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಮಕ್ಕಳಿಗೆ ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ತರಬಲ್ಲದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಇಡೀ ಬಾದಾಮಿ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೀಜಗಳನ್ನು ನುಣ್ಣಗೆ ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ನೆಂಟರ ಮಕ್ಕಳಿಗೆ ಕೊಡುವ ಮೊದಲು ಕಡಲೆಕಾಯಿ ಅಲರ್ಜಿ ಇದೆಯಾ ಅಂತ ಒಂದು ಮಾತು ಕೇಳಿ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಕಟ್ಟಿದ ಮೊಸರು ಹೆಚ್ಚಾಗಿ ಒಗ್ಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನಲ್ಲಿ ಸ್ವಲ್ಪ ಹೆಪ್ಪಾಗುವಾಗ ಖರ್ಚಾಗಿರುತ್ತದೆ, ಸ್ವಲ್ಪ ನೀರಿನ ಜೊತೆ ಇಳಿದಿರುತ್ತದೆ. ಪೂರ್ತಿ ಹೋಗಿರುವುದಿಲ್ಲ, ಹಾಗಾಗಿ ಮೊದಲ ಸಲ ಎರಡು ಚಮಚ ತಿಂದು ನೋಡಿ. ಮೂತ್ರಪಿಂಡದ ತೊಂದರೆ ಇದ್ದು ಪ್ರೋಟೀನ್, ಪೊಟ್ಯಾಸಿಯಂ ಲೆಕ್ಕ ಇಟ್ಟು ತಿನ್ನುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಹಲ್ಲಿಲ್ಲದ ಹಿರಿಯರಿಗೆ ಮಾಡುವಾಗ ಗರಿಗರಿಯನ್ನು ಬಿಟ್ಟು, ಹುರಿಹಿಟ್ಟಿನ ಪದರವನ್ನು ಎರಡು ಕಡೆ ಹಾಕಿ, ಮಧ್ಯಕ್ಕೆ ಕಿವುಚಿದ ಏಲಕ್ಕಿ ಬಾಳೆ. ಒಂದು ಗಂಟೆ ಮುಚ್ಚಿಟ್ಟು, ತಿನ್ನುವ ಹದಿನೈದು ನಿಮಿಷ ಮೊದಲೇ ಫ್ರಿಜ್ಜಿನಿಂದ ತೆಗೆಯಿರಿ. ತೀರಾ ತಣ್ಣಗಿದ್ದರೆ ಅವರಿಗೆ ರುಚಿ ತಿಳಿಯುವುದಿಲ್ಲ.